ಓದುಗರ ಪ್ರಶ್ನೆ: ಐಸ್ ಫಿಶಿಂಗಿಗೆ ಡಿಸೆಂಬರ್ ಬೇಡ, ಮಾರ್ಚಿಗೆ ಹೋಗಿ

ಈ ಸಲ ಚಳಿನಾಡಿನ ಪ್ರವಾಸದ ಬಗ್ಗೆ ಕೇಳಿ ಅಂತ ಹೇಳಿದ್ದೆವು. ಬಂದ ಪ್ರಶ್ನೆಗಳಲ್ಲಿ ಹೆಚ್ಚಿನದ್ದು ಮೀನಿನದ್ದೇ, ಕರಾವಳಿಯವರಲ್ವಾ, ಹಾಗಾಗಿ ಇಡೀ ಅಂಕಣ ಐಸ್ ಫಿಶಿಂಗಿಗೇ ಬಿಟ್ಟಿದ್ದೇನೆ, ಅಂದ್ರೆ ಗಡ್ಡೆ ಕಟ್ಟಿದ ಕೆರೆಯ ಐಸಿಗೆ ತೂತು ಕೊರೆದು ಮೀನು ಹಿಡಿಯುದು.

ಪ್ರಶ್ನೆ: ಮಗ ಹೆಲ್ಸಿಂಕಿಯಲ್ಲಿ ಕೆಲಸದಲ್ಲಿದ್ದಾನೆ. ಬರುವ ಡಿಸೆಂಬರಿಗೆ ನಮ್ಮಿಬ್ಬರನ್ನೂ ಫಿನ್ಲೆಂಡಿನ ಉತ್ತರದ ಲ್ಯಾಪ್‌ಲ್ಯಾಂಡಿಗೆ ಕರ್ಕೊಂಡು ಹೋಗಿ ಒಂದು ದಿನ ಲಕ್ಷುರಿ ಐಸ್ ಫಿಶಿಂಗ್ ಮಾಡಿಸ್ತೇನೆ ಅಂತಾನೆ. ಇವರು ಬೋಟಿನಲ್ಲಿ ತಾಂಡೇಲ ಆಗಿದ್ದವರು, "ಗಡ್ಡೆ ಕಟ್ಟಿದ ನೀರಲ್ಲಿ ಎಂತ ಮೀನು, ದುಡ್ಡು ಹಾಳು" ಅಂತ ಕೂತಿದ್ದಾರೆ. ಹೋಗ್ಬಹುದಾ? — ಓದುಗರು, ಮಲ್ಪೆ

ಹೋಗಿ ಅಮ್ಮಾ, ಖಂಡಿತ ಹೋಗಿ, ಆದ್ರೆ ಮಗನಿಗೆ ಹೇಳಿ ಡಿಸೆಂಬರ್ ಬೇಡ, ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ಬುಕ್ ಮಾಡು ಅಂತ. ಯಾಕೆ ಅಂತ ಆಮೇಲೆ ಹೇಳ್ತೇನೆ, ಮೊದ್ಲು ನಿಮ್ಮ ಯಜಮಾನರ ಪ್ರಶ್ನೆಗೆ ಬರುವಾ, ಯಾಕಂದ್ರೆ ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮ ಧಕ್ಕೆಯಲ್ಲಿ ಮೀನು ಹಿಡಿದ ಮೇಲೆ ಐಸು ಬೇಕಾಗುದು, ಅಲ್ಲಿ ಹಿಡಿಯುವ ಮೊದ್ಲೇ ಐಸು ಬೇಕು. ನೀರು ತಣ್ಣಗಾಗ್ತಾ ಆಗ್ತಾ ಭಾರ ಆಗ್ತದೆ, 4 ಡಿಗ್ರಿಗೆ ಬಂದಾಗ ಅತ್ಯಂತ ಭಾರ, ಅದಕ್ಕಿಂತ ತಣ್ಣಗಾದ್ರೆ ಪುನಃ ಹಗುರ ಆಗಿ ಮೇಲೆಯೇ ನಿಲ್ತದೆ. ಹಾಗಾಗಿ ಕೆರೆ ಮೇಲಿಂದ ಕೆಳಗೆ ಗಟ್ಟಿ ಆಗುದು, ಅಡಿಯಲ್ಲಿ 4 ಡಿಗ್ರಿಯ ನೀರು ಹಾಗೇ ಉಳಿಯುದು. ಹೊರಗೆ ಮೈನಸ್ 25 ಇದ್ರೂ ಮೀನಿಗೆ ಅದು ಗೊತ್ತಿಲ್ಲ. ಓಡಾಟ ಕಡಿಮೆ, ತಿನ್ನುದು ಕಡಿಮೆ, ಆದ್ರೆ ಜೀವಂತ ಉಂಟು, ಹಸಿವೂ ಉಂಟು. ಬರ್ಬೊಟ್ ಅಂತ ಒಂದು ಮೀನು, ಕಾಡ್ ಮೀನಿನ ಸಂಬಂಧಿ, ಸಿಹಿನೀರಲ್ಲಿ ಇರುವಂಥದ್ದು, ಅದಂತೂ ನಡುಚಳಿಗಾಲದಲ್ಲಿ ಐಸಿನಡಿಯಲ್ಲೇ ಮೊಟ್ಟೆ ಇಡ್ತದೆ.

ಇನ್ನು ಡಿಸೆಂಬರ್ ಯಾಕೆ ಬೇಡ ಅಂದ್ರೆ ಬೆಳಕೇ ಇಲ್ಲ. ಲ್ಯಾಪ್‌ಲ್ಯಾಂಡಿನ ಪೇಟೆ ರೊವಾನಿಯೆಮಿ ಇರುದು ಆರ್ಕ್ಟಿಕ್ ವೃತ್ತದ ಹತ್ತಿರ, ಅಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಎರಡು ಗಂಟೆ ಚಿಲ್ಲರೆ ಮುಖ ತೋರಿಸಿ ಹೋಗ್ತಾನೆ, ಇನ್ನೂ ಮೇಲೆ ಇನಾರಿ ಕಡೆ ಹೋದ್ರೆ ಡಿಸೆಂಬರ್ ಮೊದಲ ವಾರದಿಂದ ಜನವರಿ 10ರ ಹತ್ತಿರದವರೆಗೆ ಸೂರ್ಯ ಹುಟ್ಟುದೇ ಇಲ್ಲ. ಕ್ರಿಸ್‌ಮಸ್ ಅಂತ ರೇಟು ಬೇರೆ ತಲೆ ಮೇಲೆ ಇರ್ತದೆ. ಫಿನ್ಲೆಂಡಿನ ಇಲ್ಲಿವರೆಗಿನ ದಾಖಲೆ ಚಳಿ ಮೈನಸ್ 51.5, ಅದು ಕಿತ್ತಿಲಾ ಕಡೆ ಪೊಕ್ಕಾ ಅನ್ನುವ ಹಳ್ಳಿಯಲ್ಲಿ 1999ರ ಜನವರಿಯಲ್ಲಿ ಬಂದದ್ದು, ಅಷ್ಟು ಆಗ್ಲಿಕ್ಕಿಲ್ಲ ಬಿಡಿ, ಆದ್ರೆ ಮೈನಸ್ 30 ಆದ್ರೆ ಅಲ್ಲಿ ಯಾರೂ ಆಶ್ಚರ್ಯ ಪಡುದಿಲ್ಲ. ಅದೇ ಮಾರ್ಚ್ ಕೊನೆಗೆ ಹೋದ್ರೆ ಹಗಲು 12 ಗಂಟೆ ದಾಟಿರ್ತದೆ, ಐಸು ಮುಕ್ಕಾಲು ಮೀಟರ್ ವರೆಗೂ ದಪ್ಪ ಆಗಿರ್ತದೆ, ಹಿಮದ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುವಷ್ಟು ಬೆಳಕು, ಅಲ್ಲಿನ ಊರವರೇ ಸ್ಟೂಲು ಹಿಡ್ಕೊಂಡು ಕೆರೆಗೆ ಬರುವ ಕಾಲ ಅದು. ರಾತ್ರಿ ಇನ್ನೂ ಸಾಕಷ್ಟು ಕತ್ತಲೆ ಇರುದರಿಂದ ಮೋಡ ಇಲ್ಲದಿದ್ರೆ ಆಕಾಶದ ಹಸಿರು ಬೆಳಕೂ ಕಾಣ್ಲಿಕ್ಕೆ ಸಿಗ್ತದೆ.

ಲಕ್ಷುರಿ ಅಂದ್ರೆ ಎಂತ ಕೊಡ್ತಾರೆ ಅಂತ ಸರಿ ವಿಚಾರಿಸಿ. ಹೋಟೆಲಿನಿಂದ ಪಿಕಪ್, ದಪ್ಪದ ಓವರಾಲ್ ಮತ್ತು ಬೂಟು, ಸ್ನೋಮೊಬೈಲಿನ ಹಿಂದೆ ಕಟ್ಟಿದ ಬಂಡಿಯಲ್ಲಿ ಕೆರೆ ಮಧ್ಯಕ್ಕೆ ಪ್ರಯಾಣ, ಒಲೆ ಇರುವ ಗುಡಿಸಲು ಅಥವಾ ಟೆಂಟು, ಬೆಂಕಿ ಮೇಲೆ ಮಾಡಿದ ಊಟ, ಕೊನೆಗೆ ಸೌನಾ ಅಂದ್ರೆ ಬಿಸಿ ಹಬೆಯ ಕೋಣೆ, ಸಾಮಾನ್ಯವಾಗಿ ಇಷ್ಟು. ಇದರಲ್ಲಿ ಹಣ ಕೊಡ್ಲಿಕ್ಕೆ ಲಾಯಕ್ಕಾದದ್ದು ನನ್ನ ಪ್ರಕಾರ ಎರಡೇ, ನಿಮ್ಮ ಕುಟುಂಬಕ್ಕೆ ಮಾತ್ರ ಅಂತ ಒಬ್ಬ ಗೈಡು, ಮತ್ತೆ ಬೆಚ್ಚಗಿನ ಗುಡಿಸಲು. ವಯಸ್ಸಾದವರಿಗೆ ಬೇಕೆನಿಸಿದಾಗ ಒಳಗೆ ಹೋಗಿ ಕೂರ್ಲಿಕ್ಕೆ ಆಗ್ಬೇಕು, ಇಪ್ಪತ್ತು ಜನರ ಗುಂಪಿನಲ್ಲಿ ಅದು ಆಗುದಿಲ್ಲ. ಗಾಜಿನ ಮಾಡು, ಶಾಂಪೇನು, ಡ್ರೋನ್ ವಿಡಿಯೋ ಇದಕ್ಕೆಲ್ಲ ಹೆಚ್ಚು ಕೊಡ್ಬೇಡಿ. ಮೀನು ಗ್ಯಾರಂಟಿ ಅಂತ ಯಾರಾದ್ರೂ ಬರೆದಿದ್ರೆ ಅವರನ್ನು ಬಿಟ್ಟುಬಿಡಿ. ತಾಂಡೇಲರಿಗೆ ಇದು ನಾನು ಹೇಳಬೇಕಾಗಿಲ್ಲ.

ಮೀನು ಹಿಡಿಯುದು ಹೇಗೆ ಅಂದ್ರೆ, ಗೈಡು ಸುರುಳಿ ಬೈರಿಗೆಯಲ್ಲಿ ಒಂದು ಗೇಣಿಗಿಂತ ಚಿಕ್ಕ ಅಗಲದ ತೂತು ಕೊರೀತಾನೆ, ನೀರು ಮೇಲೆ ಉಕ್ಕಿ ಬರ್ತದೆ, ಐಸಿನ ಪುಡಿಯನ್ನು ಜಾಲರಿ ಸೌಟಿನಲ್ಲಿ ತೆಗೀಬೇಕು, ತೆಗಿಯದಿದ್ರೆ ಪುನಃ ಕಟ್ಟಿಬಿಡ್ತದೆ. ಗಾಳದ ಕೋಲು ಅರ್ಧ ಕೈಯಷ್ಟೂ ಇಲ್ಲ, ದಾರ ತುಂಬಾ ಸಪೂರ. ಗಾಳ ಅಡಿ ಮುಟ್ಟುವವರೆಗೆ ಬಿಟ್ಟು ಸ್ವಲ್ಪ ಮೇಲೆತ್ತಿ, ಒಂದೆರಡು ಸಲ ಕುಲುಕಿಸಿ, ಸುಮ್ಮನೆ ನಿಲ್ಲಿಸ್ಬೇಕು. ಮೀನು ಕಚ್ಚುದು ಆ ನಿಲ್ಲಿಸಿದ ಹೊತ್ತಲ್ಲಿ. ಚಳಿಯಲ್ಲಿ ಅದಕ್ಕೆ ಓಡಿ ಬಂದು ಹಿಡಿಯುವ ಉಮೇದಿಲ್ಲ, ಗಾಳ ಮೂಗಿನೆದುರು ನಿಂತ್ರೆ ಮಾತ್ರ ಬಾಯಿ ಹಾಕ್ತದೆ. ಕಚ್ಚಿದ್ದೂ ಜೋರಾಗಿ ಗೊತ್ತಾಗುದಿಲ್ಲ, ಕೋಲಿನ ತುದಿ ಒಂಚೂರು ಬಗ್ಗಿತು ಅಂತ ಕಂಡ ಕೂಡ್ಲೇ ಎತ್ತಿ, ಕೋಲು ಬದಿಗಿಟ್ಟು ಕೈಯಲ್ಲೇ ದಾರ ಎಳ್ಕೊಳ್ಳುದು. ಕೈಗಾಳ ಹಾಕಿ ಅಭ್ಯಾಸ ಇದ್ದವರಿಗೆ ಈ ಕೆಲಸ ಕೂಡ್ಲೇ ಕೈ ಹತ್ತುತ್ತದೆ, ನಿಮ್ಮವರು ಗೈಡಿಗಿಂತ ಮೊದ್ಲು ಹಿಡಿದ್ರೂ ಹಿಡಿದಾರು. ಹೆಚ್ಚಾಗಿ ಸಿಗುದು ಪರ್ಚ್, ಮೈಮೇಲೆ ಪಟ್ಟೆ, ಕೆಳಗಿನ ರೆಕ್ಕೆ ಕೆಂಪು, ಬೆನ್ನಿನ ಮುಳ್ಳು ಜಾಗ್ರತೆ. ಅದೃಷ್ಟ ಇದ್ರೆ ಸಾಲ್ಮನ್ ಜಾತಿಯ ಆರ್ಕ್ಟಿಕ್ ಚಾರ್, ಅದರ ರುಚಿಯೇ ಬೇರೆ.

ಪ್ರಶ್ನೆ: ಅಲ್ಲಿನವರು ಬಲೆ ಹಾಕುದಿಲ್ವಾ? ಐಸಿನಡಿಗೆ ಬಲೆ ಹೋಗುದು ಹೇಗೆ? — ಓದುಗರು, ಗಂಗೊಳ್ಳಿ

ಹಾಕ್ತಾರೆ! ಈ ಪ್ರಶ್ನೆ ಓದಿ ನನಗೆ ತುಂಬಾ ಖುಷಿಯಾಯ್ತು, ಯಾಕಂದ್ರೆ ಇಡೀ ವಿಷಯದಲ್ಲಿ ನನಗೆ ಅತ್ಯಂತ ಇಷ್ಟದ್ದು ಇದೇ. ಇನಾರಿ ಕೆರೆ ಫಿನ್ಲೆಂಡಿನ ಮೂರನೇ ದೊಡ್ಡ ಕೆರೆ, ಸಾವಿರ ಚದರ ಕಿಲೋಮೀಟರಿಗಿಂತ ದೊಡ್ಡದು, ಅದರ ಸುತ್ತ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರು ತಲೆತಲಾಂತರದಿಂದ ಮೀನು ಹಿಡಿದು, ಹಿಮಸಾರಂಗ ಸಾಕಿ ಬದುಕಿದವರು. ಚಳಿಗಾಲದಲ್ಲಿ ಅವರು ಬಲೆ ಹಾಕುವ ಕ್ರಮ ಹೀಗೆ: ಐಸಿಗೆ ಒಂದು ತೂತು ಮಾಡಿ ಅದರಿಂದ ಉದ್ದದ ಹಲಗೆಯೊಂದನ್ನು ನೀರಿಗೆ ಬಿಡ್ತಾರೆ, ಹಲಗೆ ತೇಲಿ ಐಸಿನ ಅಡಿಭಾಗಕ್ಕೆ ಅಂಟಿ ನಿಲ್ತದೆ. ಅದಕ್ಕೆ ಒಂದು ಸನ್ನೆಕೋಲು ಇರ್ತದೆ, ಮೇಲಿಂದ ಹಗ್ಗ ಎಳೆದು ಬಿಟ್ಟ ಹಾಗೆಲ್ಲ ಸನ್ನೆಕೋಲು ಐಸನ್ನು ಒದ್ದು ಹಲಗೆಯನ್ನು ಮುಂದೆ ತಳ್ತದೆ. ಇನ್ನೊಬ್ಬ ಐಸಿನ ಮೇಲೆ ಅದರ ಕಟಕಟ ಶಬ್ದ ಕೇಳ್ತಾ ಕೇಳ್ತಾ ಜೊತೆಯಲ್ಲೇ ನಡೀತಾನೆ. ಬಲೆಯಷ್ಟು ಉದ್ದ ಆದ ಮೇಲೆ ಶಬ್ದ ಬಂದ ಜಾಗದಲ್ಲಿ ಎರಡನೇ ತೂತು ಕೊರೆದು ಹಲಗೆ ಹೊರಗೆ ತೆಗೆದ್ರೆ ಹಗ್ಗ ಎರಡು ತೂತಿನ ನಡುವೆ ಬಂದಾಯ್ತು, ಅದಕ್ಕೆ ಬಲೆ ಕಟ್ಟಿ ಎಳೆದ್ರೆ ಮುಗೀತು. ಹಲಗೆ ಇಲ್ಲದ ಕಾಲದಲ್ಲಿ ಹತ್ತಿರ ಹತ್ತಿರ ತೂತು ಕೊರೆದು ಉದ್ದ ಕೋಲನ್ನು ಒಂದರಿಂದ ಒಂದಕ್ಕೆ ದಾಟಿಸ್ತಾ ಹೋಗ್ತಿದ್ರು.

ಬಲೆ ಎತ್ತುವಾಗ ಒಂದು ತುದಿಗೆ ಹಗ್ಗ ಕಟ್ಟಿ ಇನ್ನೊಂದು ತುದಿಯಿಂದ ಎಳೀತಾರೆ, ಮೀನು ಬಿಡಿಸಿದ ಕೂಡ್ಲೇ ಹಗ್ಗ ಹಿಡಿದು ಬಲೆಯನ್ನು ವಾಪಸ್ ನೀರಿಗೆ ಎಳೀಬೇಕು, ಯಾಕಂದ್ರೆ ಮೈನಸ್ 20ರಲ್ಲಿ ಒದ್ದೆ ಬಲೆ ಹೊರಗಿದ್ರೆ ಕೆಲವೇ ನಿಮಿಷದಲ್ಲಿ ಕಡ್ಡಿಯ ಹಾಗೆ ಸೆಟೆದು ನಿಲ್ತದೆ, ಮತ್ತೆ ಬಿಡಿಸ್ಲಿಕ್ಕೆ ಸಾಧ್ಯ ಇಲ್ಲ. ಅದೂ ಬರಿಗೈಯಲ್ಲಿ ಮಾಡುವ ಕೆಲಸ, ಗ್ಲೌಸ್ ಹಾಕಿ ಬಲೆಯಿಂದ ಮೀನು ಬಿಡಿಸ್ಲಿಕ್ಕೆ ಆಗುದಿಲ್ಲ ಅಂತ ನಿಮಗೂ ಗೊತ್ತುಂಟಲ್ಲ. ನಾವು ಹೋಗಿ ಬಲೆ ಹಾಕುವ ಹಾಗಿಲ್ಲ, ಅದಕ್ಕೆ ಆ ನೀರಿನ ಹಕ್ಕುದಾರರ ಅನುಮತಿ ಬೇಕು. ಆದ್ರೆ ಬಲೆ ಎತ್ತುದನ್ನು ತೋರಿಸುವ ಮೀನುಗಾರ ಕುಟುಂಬಗಳು ಆ ಕಡೆ ಉಂಟು, ಪ್ಯಾಕೇಜ್ ಮಾಡುವವರ ಹತ್ರ ಇದನ್ನೇ ಕೇಳಿ. ನಮ್ಮ ಮೀನುಗಾರರ ಮನೆಯವರು ಅಷ್ಟು ದೂರ ಹೋಗಿ ಇದನ್ನು ನೋಡದೆ ಬರಬಾರದು. ಇನಾರಿಯಲ್ಲಿ ಸೀಡಾ ಅಂತ ಸಾಮಿ ಮ್ಯೂಸಿಯಂ ಉಂಟು, ಅದಕ್ಕೂ ಅರ್ಧ ದಿನ ಇಟ್ಟುಕೊಳ್ಳಿ.

ಪ್ರಶ್ನೆ: ಐಸು ಒಡೆದ್ರೆ? ನನ್ನ ಅಪ್ಪನಿಗೆ ಶುಗರ್, ಬಿಪಿ ಎರಡೂ ಉಂಟು, ಇನ್ಸುಲಿನ್ ತಗೊಳ್ತಾರೆ. ಹೆದರಿಕೆ ಆಗ್ತದೆ. — ಓದುಗರು, ಉಡುಪಿ

ಐಸಿನ ಹೆದರಿಕೆ ಬೇಡ, ಚಳಿಯ ಜಾಗ್ರತೆ ಬೇಕು. ಒಬ್ಬ ಮನುಷ್ಯ ನಿಲ್ಲಲಿಕ್ಕೆ ಕಡಿಮೆ ಅಂದ್ರೂ 5 ಸೆಂಟಿಮೀಟರ್ ಗಟ್ಟಿ ಐಸು ಬೇಕು, 10 ಇದ್ರೆ ನಿಶ್ಚಿಂತೆ, ಮಾರ್ಚಿನಲ್ಲಿ ಲ್ಯಾಪ್‌ಲ್ಯಾಂಡಿನ ಕೆರೆಗಳಲ್ಲಿ ಇದರ ಎಷ್ಟೋ ಪಟ್ಟು ಇರ್ತದೆ. ಅಪಾಯ ಇರುದು ನೀರು ಹರಿಯುವಲ್ಲಿ, ಹೊಳೆ ಬಂದು ಸೇರುವಲ್ಲಿ, ಎರಡು ದ್ವೀಪದ ನಡುವಿನ ಇಕ್ಕಟ್ಟಿನಲ್ಲಿ, ಅಲ್ಲಿ ಮೇಲೆ ಹಿಮ ಕೂತು ಎಲ್ಲ ಒಂದೇ ತರ ಕಂಡ್ರೂ ಅಡಿಯಲ್ಲಿ ತೆಳು ಇರ್ತದೆ. ಗೈಡಿಗೆ ಹಣ ಕೊಡುದು ಈ ತಿಳುವಳಿಕೆಗೆ. ಅವನ ಕುತ್ತಿಗೆಯಲ್ಲಿ ಮೊನೆ ಇರುವ ಎರಡು ಹಿಡಿ ನೇತಾಡ್ತಾ ಇರ್ತದೆ, ಬಿದ್ರೆ ಐಸಿಗೆ ಕುತ್ತಿ ಮೇಲೆ ಬರ್ಲಿಕ್ಕೆ, ನಿಮಗೂ ಒಂದೊಂದು ಜೊತೆ ಕೊಡಿ ಅಂತ ಕೇಳಿ. ಮತ್ತೆ ಕೆರೆ ಮಧ್ಯ ಇರುವಾಗ ದೂರದಲ್ಲಿ ಗುಡುಗಿದ ಹಾಗೆ ಒಂದು ದೊಡ್ಡ ಶಬ್ದ ಕಾಲಡಿಯಲ್ಲೇ ಹಾದುಹೋಗ್ತದೆ, ಅಪ್ಪನಿಗೆ ಮೊದ್ಲೇ ಹೇಳಿಡಿ, ಬಿಸಿ ತಣ್ಣಗೆ ಬದಲಾದಾಗ ಐಸು ಹಿಗ್ಗಿ ಕುಗ್ಗಿ ಆಗುವ ಶಬ್ದ ಅದು, ಮಾಮೂಲು.

ಇನ್ಸುಲಿನ್ ಪೆನ್ನನ್ನು ಬ್ಯಾಗಿನಲ್ಲಿ ಇಡ್ಲೇಬೇಡಿ. ಒಂದ್ಸಲ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ್ರೂ ಉಪಯೋಗಕ್ಕಿಲ್ಲ, ಬಿಸಾಡ್ಬೇಕು. ಒಳಗಿನ ಅಂಗಿಯ ಕಿಸೆಯಲ್ಲಿ ಮೈಗೆ ತಾಗಿದ ಹಾಗೆ ಇರಲಿ, ಗ್ಲುಕೋಮೀಟರ್ ಕೂಡ ಅಲ್ಲೇ, ಅದು ಚಳಿಯಲ್ಲಿ ಸರಿ ತೋರಿಸುದಿಲ್ಲ. ಚಳಿಗೆ ರಕ್ತನಾಳ ಬಿಗಿದು ಬಿಪಿ ಏರುದರಿಂದ ಹೊರಡುವ ಮೊದಲು ಡಾಕ್ಟರನ್ನು ಕಾಣಿ, ಸೌನಾದಿಂದ ಎದ್ದು ಐಸು ನೀರಿಗೆ ಹಾರುವ ಆಟ ಅವರಿಗೆ ಬೇಡವೇ ಬೇಡ. ಶುಗರ್ ಇದ್ದವರಿಗೆ ಪಾದದ ಸ್ಪರ್ಶ ಕಡಿಮೆ ಇರಬಹುದು, ಬೆರಳು ಮರಗಟ್ಟಿದ್ದು ಗೊತ್ತಾಗುದಿಲ್ಲ, ಹಾಗಾಗಿ ಆಗಾಗ ಗುಡಿಸಲಿಗೆ ಕರ್ಕೊಂಡು ಹೋಗಿ ಸಾಕ್ಸ್ ತೆಗೆದು ನೀವೇ ನೋಡಿ. ಬೂಟು ಒಂದು ಸೈಜ್ ದೊಡ್ಡದಿರಲಿ, ಬಿಗಿ ಬೂಟಿನಲ್ಲಿ ಬೆಚ್ಚಗಿನ ಗಾಳಿಗೆ ಜಾಗ ಇರುದಿಲ್ಲ.

ಬಟ್ಟೆ ವಿಷಯ ಎಲ್ಲರಿಗೂ ಹೇಳ್ತೇನೆ, ಕಾಟನ್ ಬನಿಯನ್ ಮನೆಯಲ್ಲೇ ಬಿಡಿ, ಬೆವರು ಹೀರಿ ಒದ್ದೆಯಾಗಿ ಮೈಯನ್ನೇ ತಣ್ಣಗೆ ಮಾಡ್ತದೆ. ಒಳಗೆ ಉಣ್ಣೆಯದ್ದು, ಅದರ ಮೇಲೆ ಇನ್ನೊಂದು, ಮೇಲಿಂದ ಅವರು ಕೊಡುವ ಓವರಾಲ್. ಹೆಂಗಸರು ಮೂಗುತಿ, ಕಿವಿಯೋಲೆ ತೆಗೆದಿಟ್ಟು ಹೋಗಿ, ಲೋಹ ತಣ್ಣಗಾಗಿ ಚರ್ಮಕ್ಕೆ ಪೆಟ್ಟು ಮಾಡ್ತದೆ.

ಪ್ರಶ್ನೆ: ನಾವು ಪಕ್ಕಾ ಸಸ್ಯಾಹಾರಿಗಳು, ಹಿಮ ಮತ್ತು ಕೆರೆ ನೋಡುವ ಆಸೆ ಮಾತ್ರ. ಊಟಕ್ಕೆ ಎಂತ ಮಾಡುದು? — ಓದುಗರು, ಕದ್ರಿ

ಬುಕ್ ಮಾಡುವಾಗಲೇ ಬರೆದು ತಿಳಿಸಿ, ಅಲ್ಲಿ ಹೋಗಿ ಹೇಳಿದ್ರೆ ಕೆರೆ ಮಧ್ಯ ಬೇರೆ ಅಡಿಗೆ ಆಗುದಿಲ್ಲ. ಮಾಮೂಲು ಊಟ ಅಂದ್ರೆ ಬಟಾಟೆ, ಕ್ರೀಮ್, ಸಬ್ಬಸಿಗೆ ಹಾಕಿದ ಸಾಲ್ಮನ್ ಸೂಪು, ಅಥವಾ ಸಾಲ್ಮನ್ ತುಂಡನ್ನು ಹಲಗೆಗೆ ಹೊಡೆದು ಬೆಂಕಿ ಬದಿಯಲ್ಲಿ ನಿಲ್ಲಿಸಿ ನಿಧಾನ ಬೇಯಿಸಿದ್ದು. ಮೊದ್ಲೇ ಹೇಳಿದ್ರೆ ಅಣಬೆ ಸೂಪು, ರೈ ಬ್ರೆಡ್ಡು, ಹಣ್ಣಿನ ಬಿಸಿ ಜ್ಯೂಸು ಮಾಡಿ ಕೊಡ್ತಾರೆ. ಅಲ್ಲಿನ ಚೀಸಿನಲ್ಲಿ ಹಾಲು ಒಡೆಸ್ಲಿಕ್ಕೆ ಹಾಕುವ ಕರುವಿನ ಹೊಟ್ಟೆಯ ರೆನೆಟ್ ಇರಬಹುದು, ಪಕ್ಕಾ ಅಂದ್ರೆ ಅದನ್ನೂ ಕೇಳಿ. ಅವಲಕ್ಕಿ, ಚಟ್ನಿಪುಡಿ ತಗೊಂಡು ಹೋಗಿ. ಆದ್ರೆ ತುಪ್ಪ, ಪೇಡ, ಹಾಲಿನ ಸಿಹಿ ಯಾವುದೂ ಬೇಡ, ಯುರೋಪಿಯನ್ ಯೂನಿಯನ್ ಒಳಗೆ ಹೊರದೇಶದ ಹಾಲಿನ ಮತ್ತು ಮಾಂಸದ ಪದಾರ್ಥ ತರ್ಲಿಕ್ಕೆ ಬಿಡುದಿಲ್ಲ, ಏರ್‌ಪೋರ್ಟಲ್ಲಿ ತೆಗೆದು ಬಿಸಾಡ್ತಾರೆ.

ಪ್ರಶ್ನೆ: ಓದ್ಲಿಕ್ಕೆ ಹೋಗ್ತಾ ಇದ್ದೇನೆ, ಲಕ್ಷುರಿಗೆ ದುಡ್ಡಿಲ್ಲ. ಫಿನ್ಲೆಂಡ್, ಸ್ವೀಡನ್, ನಾರ್ವೆ ಎಲ್ಲಿ ಸುಲಭ? — ಓದುಗ, ಸುರತ್ಕಲ್

ಫಿನ್ಲೆಂಡ್, ಕಣ್ಣು ಮುಚ್ಚಿ. ಅಲ್ಲಿ ಒಂದು ಕೋಲು, ಒಂದು ಗಾಳ ಹಿಡ್ಕೊಂಡು ಐಸಿನಲ್ಲಿ ಮೀನು ಹಿಡಿಯುದು ಎಲ್ಲರ ಹಕ್ಕು, ಹೊರದೇಶದವರಿಗೂ ಸೇರಿ, ಲೈಸೆನ್ಸೂ ಇಲ್ಲ ಫೀಸೂ ಇಲ್ಲ. ನಿಷೇಧ ಇರುವ ಜಾಗ ಮತ್ತು ಸಾಲ್ಮನ್ ಹತ್ತುವ ಹೊಳೆಗಳ ಹರಿವಿನಲ್ಲಿ ಮಾತ್ರ ಬೇಡ. ಕೋಲು ಸೂಪರ್‌ಮಾರ್ಕೆಟಿನಲ್ಲೇ ಸಿಗ್ತದೆ. ಸ್ವೀಡನ್ನಿನಲ್ಲಾದ್ರೆ ಅಬಿಸ್ಕೊ ಹತ್ರದ ತೋರ್ನೆತ್ರೆಸ್ಕ್ ಕೆರೆ ಚಾರ್ ಮೀನಿಗೆ ಹೆಸರುವಾಸಿ, ಆದ್ರೆ ಫಿಶಿಂಗ್ ಕಾರ್ಡ್ ತಗೊಳ್ಬೇಕು, ನಾರ್ವೆಯ ಕೆರೆಗಳಿಗೂ ಹಾಗೇ. ಟ್ರೊಮ್ಸೊ ಅಷ್ಟು ಉತ್ತರದಲ್ಲಿದ್ರೂ ಅಲ್ಲಿನ ಸಮುದ್ರ ಬಿಸಿ ಪ್ರವಾಹದಿಂದಾಗಿ ಗಡ್ಡೆ ಕಟ್ಟುದಿಲ್ಲ, ಐಸು ಬೇಕಾದ್ರೆ ಒಳನಾಡಿಗೆ ಹೋಗ್ಬೇಕು. ಮೊದಲ ಸಲ ಒಬ್ಬನೇ ಕೆರೆಗೆ ಇಳಿಯಬೇಡ ತಮ್ಮಾ, ಊರಿನ ಗೊತ್ತಿದ್ದವರ ಜೊತೆಯೇ ಹೋಗು.

ವೀಸಾ ಬಗ್ಗೆ ತುಂಬಾ ಜನ ಕೇಳಿದ್ದೀರಿ. ಪ್ರವಾಸಕ್ಕೆ ಷೆಂಗೆನ್ ವೀಸಾ, ಅಂದ್ರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ, ದೊಡ್ಡವರಿಗೆ ಫೀಸು 90 ಯೂರೋ, 30,000 ಯೂರೋದ ಮೆಡಿಕಲ್ ಇನ್ಶೂರೆನ್ಸ್ ಕಡ್ಡಾಯ. ಹೊರಡುವ ದಿನಕ್ಕಿಂತ 6 ತಿಂಗಳು ಮೊದಲೇ ಅರ್ಜಿ ಹಾಕ್ಬಹುದು, ಮಾರ್ಚಿಗೆ ಹೋಗುವವರು ದೀಪಾವಳಿ ಕಳೆದ ಕೂಡ್ಲೇ ಶುರು ಮಾಡಿ. ಸ್ನೋಮೊಬೈಲ್ ಸವಾರಿ ಇನ್ಶೂರೆನ್ಸಿನಲ್ಲಿ ಸೇರಿದೆಯಾ ಅಂತ ಪಾಲಿಸಿ ತಗೊಳ್ಳುವಾಗಲೇ ಓದಿ ನೋಡಿ, ಎಷ್ಟೋ ಪಾಲಿಸಿಯಲ್ಲಿ ಅದು ಇರುದಿಲ್ಲ.