ಓದುಗರ ಪ್ರಶ್ನೆ: ಕ್ರಿಯೋಲ್ ಭಾಷೆಗೊಂದು ವಿಶ್ವಕೋಶ

ಪ್ರಶ್ನೆ: ಜಮೈಕಾದ ಪಾಟ್ವಾ ಎಂಬ, ಹಲವು ಭಾಷೆಗಳು ಬೆರೆತು ಹುಟ್ಟಿದ ಕ್ರಿಯೋಲ್ ಭಾಷೆಗೂ ವಿಕಿಪೀಡಿಯ ಇದೆಯೆಂದು ಕೇಳಿದ್ದೇನೆ. ಬಹುಮಟ್ಟಿಗೆ ಆಡುಮಾತಾಗಿಯೇ ಉಳಿದ ಭಾಷೆಯಲ್ಲಿ ವಿಶ್ವಕೋಶವನ್ನು ಆರಂಭಿಸುವುದು ಹೇಗೆ?
— ಓದುಗರೊಬ್ಬರು, ಪುತ್ತೂರು

ಉತ್ತರ: ಇದೆ. ಅದು 2016ರಲ್ಲಿ ಆರಂಭವಾಯಿತು. ನಿಮ್ಮ ಸೀಮೆಯ ತುಳು ವಿಕಿಪೀಡಿಯವೂ ಅದೇ ವರ್ಷದ್ದು. ಇಂಥ ಭಾಷೆಗಳವರು ಮೊದಲು ‘ಇನ್‌ಕ್ಯುಬೇಟರ್’ ಎಂಬ ತಾಣದಲ್ಲಿ ಪ್ರಾಯೋಗಿಕವಾಗಿ ಲೇಖನಗಳನ್ನು ಬೆಳೆಸಬೇಕು. ಭಾಷೆಗೆ ಅದನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಕೇತವಿದೆಯೇ, ತಾಣದ ಮುಖ್ಯ ಸೂಚನೆಗಳು ಅನುವಾದಗೊಂಡಿವೆಯೇ, ಕೆಲವರಾದರೂ ತಿಂಗಳುಗಟ್ಟಲೆ ಬಿಡದೆ ಬರೆಯುತ್ತಿದ್ದಾರೆಯೇ ಎಂಬುದನ್ನು ನೋಡಿದ ಮೇಲೆಯೇ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಸಂಸ್ಥೆಯ ಭಾಷಾ ಸಮಿತಿಯು ಒಪ್ಪಿಗೆ ನೀಡುತ್ತದೆ.

ಇವೆಲ್ಲಕ್ಕಿಂತ ದೊಡ್ಡ ತೊಡಕು ಕಾಗುಣಿತದ್ದೆಂದು ನನಗೆ ತೋರುತ್ತದೆ. ಭಾಷಾಶಾಸ್ತ್ರಜ್ಞ ಫ್ರೆಡರಿಕ್ ಕ್ಯಾಸಿಡಿಯವರು 1961ರಲ್ಲಿ ಪಾಟ್ವಾಕ್ಕೆ ಉಚ್ಚಾರಣೆಯನ್ನೇ ಅನುಸರಿಸುವ ಬರವಣಿಗೆಯ ಪದ್ಧತಿಯೊಂದನ್ನು ರೂಪಿಸಿದ್ದರು. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಜಮೈಕಾ ಭಾಷಾ ಘಟಕವು ಪರಿಷ್ಕರಿಸಿದ ಆ ಪದ್ಧತಿಯನ್ನೇ ವಿಕಿಪೀಡಿಯವೂ ಹಿಡಿಯಿತು. ಆದರೆ ಇಂಗ್ಲಿಷ್ ಕಾಗುಣಿತದಲ್ಲಿಯೇ ಅಕ್ಷರ ಕಲಿತವರಿಗೆ ಅದು ಕೂಡಲೇ ಓದಿಸಿಕೊಳ್ಳುವುದಿಲ್ಲ. ಕೆರಿಬಿಯನ್ ದ್ವೀಪಗಳ ಇನ್ನೊಂದು ಕ್ರಿಯೋಲ್ ಆದ ಪಪಿಯಮೆಂಟೊ ಭಾಷೆಯ ಪಾಡು ಬೇರೆ: ಅರೂಬಾದಲ್ಲಿ ಒಂದು ಕಾಗುಣಿತ, ಕುರಸಾವೊದಲ್ಲಿ ಇನ್ನೊಂದು, ಎರಡಕ್ಕೂ ಒಂದೇ ವಿಕಿಪೀಡಿಯ. ಆದುದರಿಂದ ಲೇಖನಗಳ ಸಂಖ್ಯೆಯನ್ನು ಹೆಚ್ಚಿಸುವ ಮೊದಲು ಬರೆಯುವವರೆಲ್ಲರೂ ಕೂಡಿ ಕಾಗುಣಿತದ ನಿಯಮಗಳನ್ನು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು.