ದಾವಣಗೆರೆ ಎಲ್ಲಿಗೆ ಮುಗೀತೈತೆ ಅಂತ ಕೇಳಿದ್ರೆ

ನೀವು ಕೇಳಿದ್ದು ಎರಡೇ ಸಾಲು. ದಾವಣಗೆರೆ–ಹರಿಹರ ಸೇರ್ಕೊಂಡು ಒಂದೇ ದೊಡ್ಡ ಸಿಟಿ ಆಗ್ತೈತಂತೆ ಹೌದಾ, ಆಗೋದಾದ್ರೆ ಮಧ್ಯದಾಗೆ ಎಲ್ಲಾದ್ರೂ ಒಂದು ಸೈಟ್ ತಗೊಂಡು ಹಾಕಿದ್ರೆ ಹೆಂಗೆ ಅಂತ. ನಿಮ್ಮ ಬೆಂಗಳೂರು ರಿಂಗ್ ರೋಡ್ ಮೇಲೆ ರಿಂಗ್ ರೋಡ್ ಹಾಕ್ಕೊಂಡು ಸುತ್ತಲೂ ಊದಿಕೊಂಡ ಊರು, ನಮ್ಮದು ಹಂಗಲ್ಲ, ಹಳೇ ಪಿಬಿ ರೋಡ್, ಅಂದ್ರೆ ಪುಣೆ–ಬೆಂಗಳೂರು ರಸ್ತೆ ಹಿಡ್ಕೊಂಡು ಉದ್ದಕೆ ಬೆಳೀತಾ ಹೋಗ್ತೈತೆ. ಇಲ್ಲಿಂದ ಹರಿಹರ ಹದಿನಾಲ್ಕು ಕಿಲೋಮೀಟ್ರು, ಬಸ್ ಹತ್ತಿ ಕಡ್ಲೇಕಾಯಿ ಪೊಟ್ಟಣ ಬಿಚ್ಚಿದ್ರೆ ತಿಂದು ಮುಗಿಯೋದ್ರೊಳಗೆ ಬಂದ್ಬಿಡ್ತೈತೆ. ನಾನು ಮೊದಲ್ನೇ ಸಲ ಬಂದಾಗ ದೊಡ್ಡಬಾತಿ ಆಚೀಚೆ ಗದ್ದೆ ಕಾಣ್ತಿದ್ವು, ಈಗ ಶೋರೂಮು, ಕಲ್ಯಾಣ ಮಂಟಪ, ಕಾಲೇಜು, ಡಾಬಾ, ನಡುನಡುವೆ ಉಳಿದಿರೋ ಗದ್ದೇಲೂ ಸೈಟ್ ಮಾರಾಟದ ಬೋರ್ಡು ನೆಟ್ಟಾರೆ. ಹಂಗಾಗಿ ಸೇರ್ಕೊಂತಾವಾ ಅಂದ್ರೆ, ಕಟ್ಟಡಗಳು ಹೆಚ್ಚುಕಡಿಮೆ ಸೇರ್ಕೊಂಡೇ ಬಿಟ್ಟಾವೆ. ಪೈಪುಗಳು ಸೇರಿಲ್ಲ.

ನಾನು ಇದನ್ನ ಯಾಕೆ ಇಷ್ಟು ಗಮನಿಸ್ತೀನಿ ಅಂದ್ರೆ ನಾನು ಹುಟ್ಟಿದ್ದು ಗಡಿ ಮೇಲೆ. ಮೊಳಕಾಲ್ಮೂರು ತಾಲೂಕು, ಚಿತ್ರದುರ್ಗ ಜಿಲ್ಲೆ, ನಮ್ಮೂರಿಂದ ಆಂಧ್ರದ ರಾಯದುರ್ಗಕ್ಕೆ ಅರ್ಧ ಗಂಟೆ ದಾರಿ, ನಮ್ಮದೇ ಜಿಲ್ಲಾ ಕೇಂದ್ರಕ್ಕೆ ಎರಡು ತಾಸು. 1953ರಾಗೆ ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ, ಆದೋನಿ, ಆಲೂರು ಆಂಧ್ರಕ್ಕೆ ಹೋದ್ವು, ಗೆರೆ ಬಿತ್ತು. ನಮ್ಮಜ್ಜಿ ಮಾತ್ರ ಆ ಗೆರೆಗೆ ಸೊಪ್ಪು ಹಾಕ್ಲೇ ಇಲ್ಲ, ಬಟ್ಟೆ ತರೋದು, ಹಲ್ಲು ಕೀಳ್ಸೋದು, ಬೀಗರ ಮನೆ ಎಲ್ಲಾ ರಾಯದುರ್ಗದಾಗೇ, ಅಲ್ಲಿ ಅಂಗಡಿಯೋನು ಕನ್ನಡದಾಗೆ ಲೆಕ್ಕ ಹೇಳಿ ತೆಲುಗಿನಾಗೆ ಚೌಕಾಸಿ ಮಾಡ್ತಿದ್ದ. ಹಂಗೆ ಬೆಳೆದಿದ್ದಕ್ಕೋ ಏನೋ, ಯಾವ ಮ್ಯಾಪ್ ಮುಂದೆ ಹಿಡಿದ್ರೂ ನನಗೆ ಗೆರೆಗಿಂತ ಮೊದ್ಲು ಬರೋ ಪ್ರಶ್ನೆ, ಇಲ್ಲಿ ಜನ ಬೆಳಗ್ಗೆ ಎದ್ದು ಯಾವ ಬಸ್ ಹತ್ತುತಾರೆ ಅಂತ.

ದಾವಣಗೆರೆಗೂ ಇದೇ ಪ್ರಶ್ನೆ ಹಾಕಿ ನೋಡ್ರಿ. ಹರಪನಹಳ್ಳಿ ತಗೊಳ್ರಿ, 1997ರಾಗೆ ದಾವಣಗೆರೆ ಜಿಲ್ಲೆ ಆದಾಗ ಬಳ್ಳಾರಿಯಿಂದ ಬಿಡಿಸಿ ಇಲ್ಲಿಗೆ ಸೇರ್ಸಿದ್ರು, 2018ರಾಗೆ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ಕಲಂ ಕೊಡೋ ವಿಶೇಷ ಸವಲತ್ತು ಸಿಗ್ಲಿ ಅಂತ ವಾಪಸ್ ಬಳ್ಳಾರಿಗೆ, ಅಲ್ಲಿಂದ 2021ರಾಗೆ ಹೊಸ ವಿಜಯನಗರ ಜಿಲ್ಲೆಗೆ. ಕಾಗದದ ಮೇಲೆ ಇಷ್ಟೆಲ್ಲಾ ಓಡಾಡಿದ್ರೂ ಅಲ್ಲಿ ಯಾರಿಗಾದ್ರೂ ಎದೆನೋವು ಬಂದ್ರೆ ಆಂಬುಲೆನ್ಸ್ ತಿರುಗೋದು ದಾವಣಗೆರೆ ಕಡೆಗೇ. ಇನ್ನೊಂದು ಕಡೆ ಹರಿಹರದಾಗೆ ತುಂಗಭದ್ರಾ ಸೇತುವೆ ದಾಟ್ರಿ, ಕುಮಾರಪಟ್ಟಣ, ಅದು ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲೂಕು. ಅಲ್ಲಿರೋ ಹರಿಹರ ಪಾಲಿಫೈಬರ್ಸ್ ಫ್ಯಾಕ್ಟರಿ ಹೆಸರಿನಾಗೆ ಹರಿಹರ ಐತೆ, ನಿಂತಿರೋ ನೆಲ ಹಾವೇರಿದು. ಶಿಫ್ಟ್ ಬಿಟ್ಟೋರು ತರಕಾರಿಗೆ, ಮಕ್ಕಳ ಫೀಸ್ ಕಟ್ಟೋಕೆ ಈ ದಡಕ್ಕೆ ಬರ್ತಾರೆ. ನಗರಾಭಿವೃದ್ಧಿ ಪ್ರಾಧಿಕಾರ, ನಾವು ದೂಡಾ ಅಂತೀವಿ, ಅದು ಇರೋದು ದಾವಣಗೆರೆ–ಹರಿಹರಕ್ಕೆ. ಹಂಗಂದ್ರೆ ಇಲ್ಲಿ ರಸ್ತೆ ಸವೆಸೋರೆಲ್ಲಾ ಇಲ್ಲಿನ ಪ್ಲಾನ್ ಲೆಕ್ಕಕ್ಕೆ ಬರಲ್ಲ, ಆಸ್ಪತ್ರೆ ಮುಂದಿನ ಪಾರ್ಕಿಂಗ್ ಜಗಳಕ್ಕೆ ಮಾತ್ರ ಬರ್ತಾರೆ.

ಮೆಟ್ರೋಪಾಲಿಟನ್ ಅನ್ನೋ ಪದ ಕೇಳಿದೀರಿ, ಅದಕ್ಕೆ ಸಂವಿಧಾನದಾಗೇ ಅಳತೆ ಐತೆ. 74ನೇ ತಿದ್ದುಪಡಿ ಪ್ರಕಾರ ಹತ್ತು ಲಕ್ಷ ಜನ ಇರ್ಬೇಕು, ಒಂದಕ್ಕಿಂತ ಹೆಚ್ಚು ಜಿಲ್ಲೇಲಿ ಹರಡಿದ್ರೂ ನಡೀತೈತೆ, ಆಗ ಅದಕ್ಕೇ ಅಂತ ಒಂದು ಯೋಜನಾ ಸಮಿತಿ. 2011ರ ಜನಗಣತೀಲಿ ದಾವಣಗೆರೆ ಸುಮಾರು 4.35 ಲಕ್ಷ, ಹರಿಹರ 83 ಸಾವಿರ. ಎರಡೂ ಕೂಡಿದ್ರೆ ಐದೂ ಕಾಲು ಲಕ್ಷದ ಹತ್ರ, ಹತ್ತು ಎಲ್ಲಿ ಬಂತು? 2021ರಾಗೆ ಆಗ್ಬೇಕಿದ್ದ ಎಣಿಕೆ ಆಗ್ಲಿಲ್ಲ, ಅದಕ್ಕೆ ಪೈಪ್ ಸೈಜ್ ಲೆಕ್ಕ ಹಾಕೋ ಇಂಜಿನಿಯರ್‌ಗೂ, ಟ್ಯಾಂಕ್ ಎಲ್ಲಿ ಕಟ್ಬೇಕು ಅನ್ನೋರಿಗೂ ಕೈಯಾಗಿರೋದು ಆ ಹಳೇ ಅಂಕಿ, ಅದರ ಮೇಲೆ ಒಂದು ಅಂದಾಜು. ನಾನು ಈಗಿರೋ ಜಾಗ 2011ರಾಗೆ ಭತ್ತದ ಗದ್ದೆ, ಆ ಲೆಕ್ಕದ ಪ್ರಕಾರ ಇಲ್ಲಿ ಇದ್ದಿದ್ದು ನಾಲ್ಕು ನವಿಲು ಅಷ್ಟೇ.

ಈಗ ನೀರಿನ ವಿಷಯಕ್ಕೆ ಬರ್ತೀನಿ, ಉಳಿದಿದ್ದೆಲ್ಲಾ ಆಮೇಲೆ.

ದಾವಣಗೆರೆಗೆ ಕುಡಿಯೋ ನೀರು ಎರಡು ದಾರೀಲಿ ಬರ್ತೈತೆ. ಒಂದು ತುಂಗಭದ್ರಾ ಹೊಳೆ, ಹರಿಹರ ತಾಲೂಕು ರಾಜನಹಳ್ಳಿ ಹತ್ರ ಎತ್ತಿ ಪಂಪ್ ಮಾಡ್ತಾರೆ. ಇನ್ನೊಂದು ಭದ್ರಾ ನಾಲೆ, ಅದರಿಂದ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆ ತುಂಬಿಸಿಕೊಂತಾರೆ. ಕುಂದವಾಡ ಕೆರೆ ಏರಿ ಮೇಲೆ ಬೆಳಗ್ಗೆ ವಾಕಿಂಗ್ ಮಾಡೋರ ಸಾಲೇ ಐತೆ, ನೋಡೋಕೂ ಚಂದ, ಆದ್ರೆ ಅದು ನಮ್ಮ ಬೇಸಿಗೆ ಕೊಡಪಾನ. ನಾಲೆ ವರ್ಷಪೂರ್ತಿ ಹರಿಯಲ್ಲ, ಬೆಳೆಗೆ ಬಿಟ್ಟಾಗ ಹರೀತೈತೆ, ಡ್ಯಾಮ್‌ನಾಗೆ ಕಮ್ಮಿ ಆದ್ರೆ ಆನ್-ಆಫ್ ಮಾಡ್ತಾರೆ, ನಿಲ್ಸಿದ ಮೇಲೆ ಕೆರೇಲಿ ಎಷ್ಟೈತೋ ಅಷ್ಟು. ಅಂದ್ರೆ ಸಿಟಿ ನಲ್ಲೀಗೂ ಭತ್ತದ ಗದ್ದೆಗೂ ಒಂದೇ ಕ್ಯಾಲೆಂಡರ್. ಇದನ್ನ ಹೊರಗಿನೋರಿಗೆ ಹೇಳಿದ್ರೆ ನಂಬಲ್ಲ. ಇಪ್ಪತ್ನಾಲ್ಕು ಗಂಟೆ ನೀರು ಕೊಡೋ ಜಲಸಿರಿ ಯೋಜನೆ ಬಂದೈತೆ, ದಾವಣಗೆರೆ, ಹರಿಹರ, ಆಚೆ ರಾಣೆಬೆನ್ನೂರು, ಬ್ಯಾಡಗಿಗೂ ಸೇರ್ಸಿ, ಮನೆಮನೆಗೆ ಮೀಟರ್ ಕೂರ್ಸಿದ್ರು. ನೋಡ್ರಿ, ಜಿಲ್ಲೆ ಗೆರೆ ದಾಟಿ ಯೋಚ್ನೆ ಮಾಡೋಕೆ ಬರಲ್ಲ ಅಂತೇನಿಲ್ಲ, ಹೊಳೆ ಒಂದೇ ಅಂತ ಅನ್ಸಿದ್ರೆ ಆಗ್ತೈತೆ.

ನಾನಿರೋದು ಬೈಪಾಸ್ ಆಚೆ, ಗ್ರಾಮ ಪಂಚಾಯ್ತಿ ಲಿಮಿಟ್‌ನಾಗೆ. ಸುತ್ತ ನಾಲ್ಕು ಲೇಔಟು, ಒಂದೊಂದಕ್ಕೆ ಒಂದೊಂದು ಕಮಾನು, ಒಳಗೆ ಹೋದ್ರೆ ಒಂದಕ್ಕೊಂದು ರಸ್ತೆ ಕೂಡಲ್ಲ. ನಮ್ಮ ಮೂರನೇ ಕ್ರಾಸ್ ಮುಗಿಯೋದು ಪಕ್ಕದ ಲೇಔಟಿನ ಕಾಂಪೌಂಡ್ ಗೋಡೆಗೆ, ಗೋಡೆ ಆಚೆ ಅವರ ಎರಡನೇ ಕ್ರಾಸ್ ಶುರು, ಆಚೆ ಮನೆ ಹುಡುಗ ನಮ್ಮ ಹುಡುಗನ ಕ್ಲಾಸ್‌ಮೇಟು, ಗೋಡೆ ಮೇಲೆ ಚೆಂಡು ದಾಟ್ತೈತೆ, ಸ್ಕೂಟರ್ ದಾಟ್ಬೇಕಂದ್ರೆ ಹೈವೇ ಸರ್ವಿಸ್ ರೋಡಿಗೆ ಹೋಗಿ ಸುತ್ತಿ ಬರ್ಬೇಕು ಎರಡು ಕಿಲೋಮೀಟ್ರು. ಒಂದೊಂದು ಲೇಔಟ್ ಪ್ಲಾನೂ ನೋಡೋಕೆ ಸರಿಯಾಗೇ ಐತೆ, ಪಾರ್ಕ್ ಬಿಟ್ಟಾರೆ, ಸಾರ್ವಜನಿಕ ಸೌಕರ್ಯಕ್ಕೆ ಅಂತ ಸಿಎ ಸೈಟ್ ಬಿಟ್ಟಾರೆ, ಮೂವತ್ತಡಿ ರಸ್ತೆ ಐತೆ. ಎರಡು ಪ್ಲಾನ್ ಪಕ್ಕಪಕ್ಕ ಇಟ್ಟು ನೋಡಿದೋರು ಯಾರೂ ಇಲ್ಲ.

ಯುಜಿಡಿ, ಅಂದ್ರೆ ಒಳಚರಂಡಿ ಕಥೆ ಕೇಳ್ರಿ. ಲೇಔಟ್ ಮಾಡ್ದೋರು ಚೇಂಬರ್ ಕಟ್ಟಿದಾರೆ, ಸುಳ್ಳು ಹೇಳಬಾರದು, ಪ್ರತಿ ಮೂಲೆಗೂ ಐತೆ, ಸಿಮೆಂಟ್ ಮುಚ್ಚಳ ಐತೆ. ಲೈನ್ ಎಲ್ಲಿಗೆ ಹೋಗ್ತೈತೆ ಅಂತ ಒಂದಿನ ನಾನೂ ಎದುರುಮನೆ ಮೇಷ್ಟ್ರೂ ಚೇಂಬರ್ ಹಿಡ್ಕೊಂಡೇ ನಡ್ಕೊಂಡು ಹೋದ್ವಿ, ಕೊನೇ ಚೇಂಬರ್ ಜೋಳದ ಹೊಲದ ಬದೀಲಿ ಸಿಕ್ತು, ಅಲ್ಲಿಂದಾಚೆ ಪೈಪೇ ಇಲ್ಲ. ಸಿಟಿ ಮೇನ್ ಲೈನ್ ಇರೋದು ಹೈವೇ ಆ ಕಡೆ, ಹೈವೇ ಅಡೀಲಿ ಪೈಪ್ ತೂರಿಸ್ಬೇಕಂದ್ರೆ ಹೆದ್ದಾರಿಯೋರ ಪರ್ಮಿಷನ್ ಬೇಕು, ಪಂಚಾಯ್ತಿ ಹತ್ರ ಅಷ್ಟು ದುಡ್ಡಿಲ್ಲ, ಪಾಲಿಕೆಗೆ ನಾವು ಸೇರಿಲ್ಲ. ಹಂಗಾಗಿ ಎಲ್ಲರ ಮನೇಲೂ ಗುಂಡಿ. ಚೇಂಬರ್ ರಸ್ತೆಗಿಂತ ಒಂದಡಿ ಮೇಲೆ ನಿಂತಿರೋದ್ರಿಂದ ಮೇಷ್ಟ್ರ ಮನೆಯೋರು ಅದರ ಮೇಲೆ ತುಳಸಿ ಕುಂಡ ಇಟ್ಟು ರಂಗೋಲಿ ಹಾಕ್ತಾರೆ, ಕೆಟ್ಟದಾಗಿ ಏನೂ ಕಾಣಲ್ಲ.

ಮಳೆ ನೀರಿಂದು ಇನ್ನೊಂದು. ಈ ಭೂಮಿ ಎರೆ, ನಾಲೆ ಬಂದ ಮೇಲೆ ಗದ್ದೆ ಆಗಿದ್ದು, ಗದ್ದೆಯಿಂದ ಗದ್ದೆಗೆ ಹೊಲಗಾಲುವೆ ಇದ್ವು, ಹೆಚ್ಚಾದ ನೀರು ಬಸಿದು ಹಳ್ಳಕ್ಕೆ ಹೋಗೋಕೆ. ಲೇಔಟ್ ಮಾಡುವಾಗ ಜೆಸಿಬಿ ಬಂದು ಒಂದೇ ವಾರದಾಗೆ ಎಲ್ಲಾ ಮುಚ್ಚಿ ಸಮ ಮಾಡ್ತು. ನೀರಿಗೆ ಗೊತ್ತಾಗಲ್ವಲ್ಲ ಇದು ಲೇಔಟ್ ಆಯ್ತು ಅಂತ, ಅದು ಹಳೇ ದಾರಿ ಹುಡ್ಕೊಂಡು ಬರ್ತೈತೆ, ಬಂದು ಪಾರ್ಕ್‌ನಾಗೆ ನಿಲ್ತೈತೆ. ಬೇಸಿಗೇಲಿ ಅದೇ ಎರೆ ಬಾಯಿ ಬಿಡ್ತೈತೆ, ನಮ್ಮ ಮನೆಗೆ ಪಿಲ್ಲರ್ ಹಾಕ್ಸಿ ಕಟ್ಟಿದ್ದಕ್ಕೆ ಬಚಾವ್, ಕಾಂಪೌಂಡಿಗೆ ಉಳಿತಾಯ ಮಾಡ್ದೆ, ಬೆರಳು ತೂರೋವಷ್ಟು ಬಿರುಕು. ಕಾಂಟ್ರಾಕ್ಟರ್ ಮೊದ್ಲೇ ಹೇಳಿದ್ದ, ಕೇಳ್ಲಿಲ್ಲ, ಅದು ನನ್ನದೇ ತಪ್ಪು.

ನಲ್ಲಿ ಐತಾ ಅಂದ್ರೆ ಐತೆ. ಪಂಚಾಯ್ತಿ ಬೋರಿಂದು, ಮೂರು ದಿನಕ್ಕೊಂದ್ಸಲ, ನೀರಗಂಟಿ ಮಗಳ ಮದುವೆ ಇದ್ರೆ ಐದು ದಿನಕ್ಕೆ. ಮಾರ್ಚ್ ದಾಟಿದ್ರೆ ಟ್ಯಾಂಕರ್. ಟ್ಯಾಂಕರ್ ಡ್ರೈವರ್‌ಗೆ ನಮ್ಮೆಲ್ಲರ ಸಂಪು ಎಷ್ಟು ಆಳ ಅಂತ ಗೊತ್ತು, ಜನಗಣತಿಯೋರಿಗಿಂತ ಅವನ ಹತ್ರ ಲೆಕ್ಕ ಪಕ್ಕಾ ಐತೆ.

ಇನ್ನು ಈ ನೀರಿನ ಮೇಲಿನ ಜಗಳ. 2025ರಾಗೆ ಭದ್ರಾ ಬಲದಂಡೆ ನಾಲೆ ಸೀಳಿ ಹೊಸದುರ್ಗ, ತರೀಕೆರೆ ಕಡೆಗೆ ಕುಡಿಯೋ ನೀರು ಒಯ್ಯೋ ಕೆಲಸ ಶುರುವಾದಾಗ ದಾವಣಗೆರೆ ರೈತರು ರಸ್ತೆಗಿಳಿದ್ರು. ನಮ್ಮ ಭಾಮೈದನ ಗದ್ದೆ ನಾಲೆ ಕೊನೇ ಭಾಗದಾಗೆ, ನೀರು ಅವನಿಗೆ ಮುಟ್ಟೋದೇ ಎಲ್ಲರದೂ ಆದ ಮೇಲೆ, ಅವನಿಗೆ ಸಿಟ್ಟು ಬರೋದ್ರಾಗೆ ತಪ್ಪೇನಿಲ್ಲ. ಆದ್ರೆ ನಾನು ಬರದ ಕಡೆಯೋನು. ನಮ್ಮೂರಾಗೆ ಅವ್ವ ಎರಡು ಮೈಲಿಯಿಂದ ಕೊಡ ಹೊತ್ತು ತಂದಿದ್ದು ನೋಡೀನಿ, ಬೋರ್ ನೀರಿನ ಫ್ಲೋರೈಡಿಗೆ ಹಲ್ಲು ಹಳದಿ ಮಾಡ್ಕೊಂಡ ಗೆಳೆಯರು ಅದಾರೆ. ಈಗ ಆ ಕಡೆಗೆ ತುಂಗಭದ್ರಾ ಡ್ಯಾಮ್ ಹಿನ್ನೀರಿಂದ ಪೈಪ್ ಹಾಕಿ ಮೊಳಕಾಲ್ಮೂರು, ಚಳ್ಳಕೆರೆ, ಪಾವಗಡ ತನಕ ಕುಡಿಯೋ ನೀರು ಒಯ್ಯೋ ಯೋಜನೆ ಐತೆ, ಆ ಡ್ಯಾಮಿಗೆ ಬರೋದು ಇದೇ ಹರಿಹರದ ಮುಂದೆ ಹರಿದು ಹೋದ ನೀರು! ಭಾಮೈದ ಊಟಕ್ಕೆ ಬಂದಾಗ ಈ ಮಾತು ತೆಗೆದೆ, ಅನ್ನ ಅರ್ಧಕ್ಕೆ ಬಿಟ್ಟು ಎದ್ದ. ಆಮೇಲೆ ನಮ್ಮನೇಲಿ ನಾಲೆ ವಿಷಯ ಬ್ಯಾನ್. ದಾವಣಗೆರೆ ಇನ್ನೂ ಎರಡು ಪಟ್ಟಾಗ್ಲಿ ಅಂತ ಬಯಸೋರು ಲಕ್ಕವಳ್ಳಿಯ ಭದ್ರಾ ಡ್ಯಾಮ್ ಹಿಡಿಯೋ 71.5 ಟಿಎಂಸಿನ ಗದ್ದೆಗೆಷ್ಟು, ತೋಟಕ್ಕೆಷ್ಟು, ಊರಿಗೆಷ್ಟು ಅಂತ ಮೊದ್ಲು ಕೂತು ಮಾತಾಡ್ಬೇಕು, ಅದು ದೂಡಾ ಆಫೀಸ್‌ನಾಗೆ ತೀರ್ಮಾನ ಆಗೋ ವಿಷಯ ಅಲ್ಲ.

ರೈಲಿಂದು ಬೇಗ ಮುಗಿಸ್ತೀನಿ. ಬೆಂಗಳೂರಿಂದ ರೈಲು ತುಮಕೂರು, ಅರಸೀಕೆರೆ, ಬೀರೂರು, ಚಿಕ್ಕಜಾಜೂರು ಸುತ್ತಿ ಇಲ್ಲಿಗೆ ಬರ್ತೈತೆ, ಚಿತ್ರದುರ್ಗ ಹೈವೇ ಮೇಲೆ ನಡುದಾರೀಲೇ ಇದ್ರೂ ಈ ಲೈನ್‌ನಾಗಿಲ್ಲ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ಮಾರ್ಗ, 191 ಕಿ.ಮೀ., 2011-12ರಾಗೆ ಮಂಜೂರಾಗಿದ್ದು, ಭೂಸ್ವಾಧೀನ ಎಳೆದಾಡಿ ಎಳೆದಾಡಿ ವರ್ಷಗಳು ಹೋದ್ವು, ಅಷ್ಟರಾಗೆ ಆ ಲೈನ್ ಹೆಸರು ಹೇಳ್ಕೊಂಡು ಸೈಟ್ ಮಾರಿದೋರು ಮಕ್ಕಳ ಮದುವೆ ಮಾಡಿ ಮುಗ್ಸಿದ್ರು. ಊರೊಳಗೆ ರೈಲು ಹೆಂಗೆ ಊರನ್ನ ಸೀಳ್ತೈತೆ ಅಂತ ನೋಡ್ಬೇಕಂದ್ರೆ ಅಶೋಕ ರಸ್ತೆ ರೈಲ್ವೆ ಗೇಟ್ ಕಥೆ ಯಾರನ್ನಾದ್ರೂ ಕೇಳ್ರಿ, ಗೇಟ್ ಬಿದ್ದಾಗ ನಿಂತು ನಿಂತೇ ಎಷ್ಟೋ ಜನ ಪರಿಚಯ ಆಗಿದಾರೆ. 2016ರಾಗೆ ಸ್ಮಾರ್ಟ್ ಸಿಟಿಯ ಮೊದಲ ಪಟ್ಟೀಲೇ ದಾವಣಗೆರೆ ಹೆಸರು ಬಂತು, ಊರೊಳಗೆ ರಸ್ತೆ, ಫುಟ್‌ಪಾತ್ ಒಂದಷ್ಟು ಸುಧಾರಿಸಿದ್ದು ನಿಜ. ನಮ್ಮ ಬೈಪಾಸ್ ಆಚೆಗೆ ಅದು ಬರ್ಲಿಲ್ಲ, ಬರೋ ಹಂಗೂ ಇರ್ಲಿಲ್ಲ.

ಪ್ಲಾನ್ ಮೊದ್ಲು ಬಂದ್ರೆ ಎಲ್ಲಾ ಸರಿಹೋಗ್ತೈತೆ ಅನ್ನೋರಿಗೆ ನಾನು ಚಳ್ಳಕೆರೆ ತೋರಿಸ್ತೀನಿ. ಅಲ್ಲಿ ಅಮೃತಮಹಲ್ ಕಾವಲು, ಅಂದ್ರೆ ದನ-ಕುರಿ ಮೇಯೋ ಹುಲ್ಲುಗಾವಲು, ಸುಮಾರು ಹತ್ತು ಸಾವಿರ ಎಕರೆ ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ ಪ್ಲಾನ್ ಇತ್ತು, ಮ್ಯಾಪ್ ಇತ್ತು, ಎಲ್ಲಾ ಇತ್ತು, ಕುರಿ ಮೇಯಿಸೋರಿಗೆ ಮಾತ್ರ ಗೋಡೆ ಎದ್ದ ಮೇಲೆ ಗೊತ್ತಾಯ್ತು, ಆಮೇಲೆ ಹಸಿರು ನ್ಯಾಯಮಂಡಳಿ ತನಕ ಹೋದ್ರು.

ಈಗ ನಿಮ್ಮ ಸೈಟಿಗೆ. ಬೇಡ ಅನ್ನಲ್ಲ, ನಾನೇ ತಗೊಂಡು ಕೂತೀನಿ. ಡಿಸಿ ಕನ್ವರ್ಷನ್, ಅಂದ್ರೆ ಹೊಲಾನ ಮನೆ ಕಟ್ಟೋ ಜಾಗ ಅಂತ ಬದಲಾಯಿಸಿದ ಆದೇಶ, ಆಗೈತಾ, ದೂಡಾ ಅಪ್ರೂವಲ್ ಐತಾ, ಪಂಚಾಯ್ತಿ ಲಿಮಿಟ್ ಆದ್ರೆ ಪಂಚಾಯ್ತಿ ಕೊಡೋ ಇ-ಸ್ವತ್ತು ದಾಖಲೆ ನಮೂನೆ 9 ಜೊತೆ 11ಎ ನೋ, ಇಲ್ಲಾ ಬರೀ 11ಬಿ ನೋ ನೋಡ್ಕೊಳ್ರಿ, 11ಬಿ ಕೈಗಿಟ್ಟು ಎಲ್ಲಾ ಒಂದೇ ಸರ್ ಅಂದ್ರೆ ಅಲ್ಲಿಂದ ಎದ್ದು ಬರ್ರಿ. ಹಳೇ ಸರ್ವೆ ನಕ್ಷೆ ತೆಗೆಸಿ ಹಳ್ಳ, ಕಾಲುವೆ ಎಲ್ಲಿತ್ತು ಅಂತ ಒಂದ್ಸಲ ಕಣ್ಣಾಡಿಸ್ರಿ. ಬ್ರೋಕರ್ ನಿಮ್ಮನ್ನ ಡಿಸೆಂಬರ್‌ನಾಗೆ ಕರ್ಕೊಂಡು ಬರ್ತಾನೆ, ಆಗ ಸುತ್ತ ಹಸಿರು, ತಂಪು ಗಾಳಿ, ಸಂಜೆ ಬೆಣ್ಣೆದೋಸೆ ಬೇರೆ ತಿನ್ನಿಸ್ತಾನೆ. ನೀವು ಎರಡು ಸಲ ಬರ್ರಿ, ಒಂದು ಏಪ್ರಿಲ್‌ಗೆ, ಒಂದು ಆಗಸ್ಟ್‌ಗೆ ದೊಡ್ಡ ಮಳೆ ಬಿದ್ದ ಮಾರನೇ ದಿನ. ಆಗಸ್ಟ್‌ಗೆ ಬಂದ್ರೆ ಶೂ ಬೇಡ, ಚಪ್ಪಲಿ ಹಾಕ್ಕೊಂಡು ಬರ್ರಿ. ಏಪ್ರಿಲ್‌ಗೆ ಬಂದ್ರೆ ಊಟ ನಮ್ಮನೇಲೇ, ಸ್ನಾನ ಮಾತ್ರ ಲಾಡ್ಜ್‌ನಾಗೆ ಮುಗಿಸ್ಕೊಂಡು ಬರ್ರಿ.