ದೀರ್ಘಕಾಲದ ವೈರಸ್ ಸೋಂಕು ಇರುವ ಗಂಡಸು ತಂದೆಯಾಗಬಹುದೇ?

ಹೆಪಟೈಟಿಸ್ ಬಿ, ಸಿ (ಯಕೃತ್ತಿಗೆ ತಗಲುವ ವೈರಸ್ ಸೋಂಕುಗಳು) ಅಥವಾ ಎಚ್‌ಐವಿ ಇದ್ದರೆ ಮಕ್ಕಳಾಗುವುದಿಲ್ಲವೇ ಎಂದು ಕೇಳಿದ್ದೀರಿ. ಬಹುಪಾಲು ಮಂದಿಗೆ ಆಗುತ್ತವೆ. ಸೋಂಕಿದೆ ಎಂದರೆ ಬಂಜೆತನವಿದೆ ಎಂದರ್ಥವಲ್ಲ. ಆ ಭಯದಲ್ಲಿ ಪರೀಕ್ಷೆಯನ್ನೇ ಮುಂದೂಡುವುದು ನಿಜವಾದ ಅಪಾಯ.

ಆದರೂ ಪರಿಣಾಮ ಇಲ್ಲವೇ ಇಲ್ಲ ಎನ್ನಲಾಗದು. ದೀರ್ಘಕಾಲದ ಉರಿಯೂತದಿಂದ ಹೆಚ್ಚುವ ಆಕ್ಸಿಡೇಟಿವ್ ಒತ್ತಡವು (ಜೀವಕೋಶಗಳಿಗೆ ಹಾನಿ ಮಾಡುವ ಆಮ್ಲಜನಕದ ಕಣಗಳು ಮಿತಿಮೀರುವುದು) ವೀರ್ಯಾಣುವಿನ ಹೊರಪೊರೆಯನ್ನೂ ಡಿಎನ್‌ಎಯನ್ನೂ ಕೆಡಿಸಬಲ್ಲದು. ಹಾಗಾಗಿ ಎಣಿಕೆ ಸರಿಯಿದ್ದರೂ ಚಲನೆ ಕುಗ್ಗಿರಬಹುದು. ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ವೀರ್ಯಾಣುವಿನ ತಲೆಯ ಭಾಗಕ್ಕೇ ಅಂಟಿಕೊಳ್ಳುತ್ತದೆ. ಹೆಪಟೈಟಿಸ್ ಬಿ ವೈರಸ್ಸಿನ ಡಿಎನ್‌ಎ ವೀರ್ಯಾಣುವಿನ ಕ್ರೋಮೋಸೋಮಿನೊಳಗೆ ಸೇರಿಕೊಂಡಿರುವುದೂ ಕಂಡುಬಂದಿದೆ. ಯಕೃತ್ತು ಗಾಯದ ಕಲೆಗಟ್ಟಿ ಗಟ್ಟಿಯಾಗುವ ಸಿರೋಸಿಸ್ ಹಂತ ಮುಟ್ಟಿದರೆ ಪುರುಷ ಹಾರ್ಮೋನ್ ಟೆಸ್ಟೊಸ್ಟೆರಾನ್ ಇಳಿಯುತ್ತದೆ, ಅದರೊಂದಿಗೆ ಕಾಮಾಸಕ್ತಿಯೂ ತಗ್ಗುತ್ತದೆ.

ವೀರ್ಯ ಪರೀಕ್ಷೆಯ ಒಂದೇ ವರದಿ ನೋಡಿ ಎದೆಗುಂದಬೇಡಿ. ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು. ಜೋರು ಜ್ವರ ಬಂದುಹೋಗಿದ್ದರೆ ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ.

ಹೆಪಟೈಟಿಸ್ ಸಿ ಈಗ ಸಾಮಾನ್ಯವಾಗಿ 8ರಿಂದ 12 ವಾರಗಳ ಮಾತ್ರೆಗಳಲ್ಲಿ ವಾಸಿಯಾಗುತ್ತದೆ. ಚಿಕಿತ್ಸೆಯಲ್ಲಿ ಭ್ರೂಣಕ್ಕೆ ಹಾನಿ ಮಾಡಬಲ್ಲ ರಿಬಾವಿರಿನ್ ಎಂಬ ಔಷಧ ಇದ್ದರೆ ಮಾತ್ರ, ಅದು ಮುಗಿದ ಮೇಲೂ ಕೆಲವು ತಿಂಗಳು ಗರ್ಭಧಾರಣೆ ತಪ್ಪಿಸಲೇಬೇಕು. ಹೆಪಟೈಟಿಸ್ ಬಿ ಇದ್ದರೆ ನಿಮ್ಮ ಪತ್ನಿ ಪರೀಕ್ಷೆ ಮಾಡಿಸಿ, ರೋಗನಿರೋಧಕ ಶಕ್ತಿ ಇಲ್ಲವಾದರೆ ಲಸಿಕೆ ಪಡೆಯಲಿ. ಎಚ್‌ಐವಿ ಇರುವವರು ಔಷಧ ತಪ್ಪಿಸದೆ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಸಹಜವಾಗಿಯೇ ಗರ್ಭಧಾರಣೆಗೆ ಪ್ರಯತ್ನಿಸಬಹುದು. ಅದಕ್ಕೆ ಮೊದಲು ನಿಮ್ಮ ವೈದ್ಯರಿಗೆ ಈ ಉದ್ದೇಶವನ್ನು ತಿಳಿಸಿ.